ಬೈಕು ಹತ್ತುವುದಕ್ಕೆ ಮುಂಚೆ ಐದು ನಿಮಿಷ



ಇವತ್ತು ನಾನು ಬಿತ್ತನೆ ಬೀಜದ ವಿಷಯವನ್ನಾಗಲಿ, ಗೊಬ್ಬರದ ವಿಷಯವನ್ನಾಗಲಿ ಹೇಳುವುದಕ್ಕೆ ಬಂದಿಲ್ಲ. ನಿಮ್ಮ ಜಗಲಿಯ ಮುಂದೆಯೋ, ಕೊಟ್ಟಿಗೆಯ ಪಕ್ಕದಲ್ಲಿಯೋ ನಿಂತಿರುವ ಬೈಕಿನ ವಿಷಯ ಹೇಳಬೇಕೆಂದು ಬಂದಿದ್ದೇನೆ. ಬೈಕಿಗೂ ಬೇಸಾಯಕ್ಕೂ ಏನು ಸಂಬಂಧ ಎಂದು ಪಟ್ಟಣದವರು ಕೇಳಬಹುದು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ರೈತರಿಗೆ ಆ ಅನುಮಾನ ಬರಲಾರದು. ಬೆಳಿಗ್ಗೆ ಡೇರಿಗೆ ಹಾಲಿನ ಕ್ಯಾನು ಹೋಗುವುದು ಅದರ ಮೇಲೆ. ಗದ್ದೆಯಿಂದ ಹುಲ್ಲಿನ ಹೊರೆ ಬರುವುದು ಅದರ ಮೇಲೆ. ಯೂರಿಯಾ ಮೂಟೆ, ಔಷಧಿ ಹೊಡೆಯುವ ಟ್ಯಾಂಕು, ಮದ್ದೂರಿನ ಮಾರುಕಟ್ಟೆಗೆ ಎಳನೀರು, ಇಸ್ಕೂಲಿಗೆ ಮಕ್ಕಳು, ಆಸ್ಪತ್ರೆಗೆ ಅಜ್ಜಿ, ಎಲ್ಲವೂ ಅದರ ಮೇಲೆಯೇ. ಹಿಂದೆ ಎತ್ತಿನ ಗಾಡಿ ಮಾಡುತ್ತಿದ್ದ ಕೆಲಸದಲ್ಲಿ ಬಹುಪಾಲು ಈಗ ಇದರ ಪಾಲಿಗೆ ಬಂದಿದೆ.

ಬೈಕು ನಮ್ಮ ಸೀಮೆಗೆ ಹೊಸದೇನೂ ಅಲ್ಲ. 1961ರಲ್ಲಿಯೇ ಪಕ್ಕದ ಮೈಸೂರಿನಲ್ಲಿ ಜಾವಾ ಬೈಕು ತಯಾರಾಗುವುದಕ್ಕೆ ಶುರುವಾಯಿತು. ಆಮೇಲೆ ಅದೇ ಕಾರ್ಖಾನೆಯಿಂದ ಯೆಜ್ಡಿ ಬಂತು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಆ ಗಾಡಿ ಇಟ್ಟುಕೊಂಡಿದ್ದ ಹಿರಿಯರಿಗೆ ಒಂದು ಅಭ್ಯಾಸವಿತ್ತು. ಬಿಡುವಿನ ದಿನ ಪ್ಲಗ್ಗು ಬಿಚ್ಚಿ ಉಜ್ಜುವುದು, ಸೈಲೆನ್ಸರಿನ ಮಸಿ ತೆಗೆಯುವುದು, ಕೇಬಲ್ಲುಗಳಿಗೆ ಎಣ್ಣೆ ಬಿಡುವುದು. ಹಾಗೆ ಮಾಡದಿದ್ದರೆ ಅದು ಹೊರಡುತ್ತಲೇ ಇರಲಿಲ್ಲ. ಈಗಿನ ಗಾಡಿಗಳು ಅಷ್ಟು ಕೇಳುವುದಿಲ್ಲ. ಗುಂಡಿ ಒತ್ತಿದರೆ ಹೊರಟುಬಿಡುತ್ತವೆ. ಅದು ಕೇಳುವುದಿಲ್ಲವೆಂದು ನಾವೂ ನೋಡುವುದನ್ನು ಬಿಟ್ಟೆವು. ತೊಂದರೆ ಇರುವುದು ಇಲ್ಲಿಯೇ.

ಹೋಟಲಿನ ಮುಂದೆ ಇಬ್ಬರು ಸೇರಿದರೆ ಮಾತು ಹ್ಯಾಗೆ ನಡೆಯುತ್ತದೆ, ನೀವೇ ಕೇಳಿದ್ದೀರಿ. “ಏನ್ ಗೌಡ್ರೆ, ಗಾಡಿ ಎಷ್ಟ್ ಕೊಡ್ತದೆ?” “ಲೀಟರ್‌ಗೆ ಅರವತ್ ಕೊಡ್ತದೆ ಕಣಣ್ಣ.” ಇಷ್ಟಕ್ಕೆ ಮುಗಿಯಿತು. “ಬ್ರೇಕ್ ಹಾಕಿದ್ರೆ ಎಷ್ಟ್ ದೂರಕ್ಕೆ ನಿಲ್ತದೆ?” ಎಂದು ಕೇಳಿದವರನ್ನು ನಾನು ಕಂಡಿಲ್ಲ. ಗಾಡಿ ಓಡುತ್ತದೆಯೇ ಎಂಬುದನ್ನು ಎಲ್ಲರೂ ನೋಡುತ್ತೇವೆ. ಅದು ನಿಲ್ಲುತ್ತದೆಯೇ, ನೆಲ ಹಿಡಿಯುತ್ತದೆಯೇ, ಹಿಂದೆ ಬರುವವನಿಗೆ ಕಾಣುತ್ತದೆಯೇ, ಈ ಮೂರನ್ನು ನೋಡುವುದಿಲ್ಲ. ಜೀವ ನಿಂತಿರುವುದು ಮಾತ್ರ ಈ ಮೂರರ ಮೇಲೆ.

ಬೇರೆಯವರ ಮಾತೇಕೆ, ನನ್ನದೇ ಸಂಗತಿ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಬೈಕಿನ ಹಿಂದಿನ ಬ್ರೇಕು ದಿನದಿಂದ ದಿನಕ್ಕೆ ಕೆಳಕ್ಕೆ ಇಳಿಯುತ್ತಿತ್ತು. ಕಾಲಿಗೆ ತಿಳಿಯುತ್ತಿತ್ತು. “ನಾಳೀಕ್ ನೋಡ್ಕೊಂಡ್ರಾಯ್ತು ಬುಡು” ಎಂದು ಹದಿನೈದು ದಿನ ತಳ್ಳಿದೆ. ಒಂದು ಸಂಜೆ ಮಗಳನ್ನು ಹಿಂದೆ ಕೂರಿಸಿಕೊಂಡು ನಾಲೆ ಏರಿಯ ಮೇಲೆ ಬರುತ್ತಿದ್ದಾಗ ತಿರುವಿನಲ್ಲಿ ಒಂದು ಎಮ್ಮೆ ಅಡ್ಡ ಬಂತು. ಬ್ರೇಕು ತುಳಿದೆ, ಪೆಡಲು ಪೂರ್ತಿ ಕೆಳಗೆ ಹೋಯಿತು, ಚಕ್ರ ಮಾತ್ರ ನಿಲ್ಲಲಿಲ್ಲ. ಗೇರು ಇಳಿಸಿ, ಎರಡೂ ಕಾಲು ನೆಲಕ್ಕೆ ಉಜ್ಜಿ, ಅಂತೂ ಮುಂದಿನ ಚಕ್ರ ಏರಿಯ ಅಂಚಿಗೆ ಬಂದು ನಿಂತಿತು. ಕೆಳಗೆ ತುಂಬಿದ ನಾಲೆ. ಮಗಳು ನನ್ನ ಅಂಗಿಯನ್ನು ಹಿಡಿದ ಹಿಡಿ ಮನೆ ಸೇರುವವರೆಗೂ ಬಿಡಲಿಲ್ಲ. ಮಾರನೆಯ ದಿನ ಮೆಕ್ಯಾನಿಕ್ಕು ನಟ್ಟನ್ನು ನಾಲ್ಕು ಸುತ್ತು ತಿರುಗಿಸಿ ಸರಿಮಾಡಿದ. ಎರಡು ನಿಮಿಷದ ಕೆಲಸ! ಆ ಎರಡು ನಿಮಿಷವನ್ನು ನಾನು ಹದಿನೈದು ದಿನ ಮುಂದಕ್ಕೆ ಹಾಕಿದ್ದೆ.

ನಮ್ಮ ನಾಲೆ ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಹತ್ತಿರ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಅಷ್ಟು ದೊಡ್ಡ ಬಸ್ಸಿಗೇ ಹಾಗಾದ ಮೇಲೆ, ಎರಡು ಚಕ್ರದ ಮೇಲೆ ಹೋಗುವವರು ಎಷ್ಟು ಎಚ್ಚರವಾಗಿರಬೇಕು ಯೋಚಿಸಿ. ಇಡೀ ದೇಶದ ಲೆಕ್ಕ ನೋಡಿದರೆ, 2022ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ. ಇವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ಬೈಕು, ಸ್ಕೂಟರುಗಳ ಮೇಲೆ ಹೋಗುತ್ತಿದ್ದವರು.

ಇನ್ನು ನೋಡತಕ್ಕದ್ದು ಏನು, ಹ್ಯಾಗೆ ಎಂಬುದಕ್ಕೆ ಬರೋಣ. ಮೊದಲನೆಯದು ಬ್ರೇಕು.

ಹಿಂದಿನ ಬ್ರೇಕಿನ ಪೆಡಲನ್ನು ಕೈಯಿಂದ ಒತ್ತಿ ನೋಡಿ. ಬ್ರೇಕು ಹಿಡಿಯುವುದಕ್ಕೆ ಮುಂಚೆ ಅದು ಸ್ವಲ್ಪ ಸಡಿಲವಾಗಿ ಆಡುತ್ತದೆ. ಸಾಧಾರಣವಾಗಿ ಆ ಆಟ 20ರಿಂದ 30 ಮಿಲಿಮೀಟರ್, ಅಂದರೆ ಸುಮಾರು ಒಂದು ಅಂಗುಲ ಇರಬೇಕು. ಮುಂದಿನ ಬ್ರೇಕು ಡ್ರಮ್ಮಿನದಾದರೆ ಹಿಡಿಯ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಸಾಕು. ಹೆಚ್ಚಾಗಿದ್ದರೆ ಹಿಂದಿನ ಚಕ್ರದ ಹತ್ತಿರ ಬ್ರೇಕಿನ ಕಡ್ಡಿಯ ತುದಿಯಲ್ಲಿ ಒಂದು ನಟ್ಟು ಇದೆ. ಅದನ್ನು ಅರ್ಧರ್ಧ ಸುತ್ತು ಬಿಗಿ ಮಾಡುತ್ತಾ ಬನ್ನಿ. ಆಮೇಲೆ ಡಬಲ್ ಸ್ಟ್ಯಾಂಡ್ ಹಾಕಿ ಚಕ್ರವನ್ನು ಕೈಯಿಂದ ತಿರುಗಿಸಿ. ಅದು ಸರಾಗವಾಗಿ ತಿರುಗಬೇಕು. ಉಜ್ಜಿಕೊಂಡು ತಿರುಗಿದರೆ ಬಿಗಿ ಹೆಚ್ಚಾಯಿತೆಂದು ತಿಳಿಯಿರಿ. ಬ್ರೇಕು ಪೂರ್ತಿ ಹಾಕಿದಾಗ ಡ್ರಮ್ಮಿನ ಮೇಲಿನ ಬಾಣದ ಗುರುತು ಎದುರಿನ ಗೆರೆಯನ್ನು ಮುಟ್ಟಿದರೆ ಒಳಗಿನ ಶೂ ಸವೆದಿದೆ. ಆಗ ನಟ್ಟು ತಿರುಗಿಸಿ ಪ್ರಯೋಜನವಿಲ್ಲ, ಶೂ ಬದಲಾಯಿಸಲೇಬೇಕು. 2019ರ ಏಪ್ರಿಲ್‌ನಿಂದ ಮಾರಾಟವಾಗುತ್ತಿರುವ ಸಣ್ಣ ಗಾಡಿಗಳಲ್ಲಿ ಒಂದು ಬ್ರೇಕು ಹಾಕಿದರೆ ಎರಡೂ ಚಕ್ರ ಹಿಡಿಯುವ ಏರ್ಪಾಡಿದೆ. ಅಂಥವನ್ನು ತಿಳಿದವರ ಕೈಯಲ್ಲೇ ಹೊಂದಿಸಿಸಿ. ಡಿಸ್ಕ್ ಬ್ರೇಕು ಇದ್ದರೆ ಹ್ಯಾಂಡಲಿನ ಮೇಲಿನ ಸಣ್ಣ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಗುರುತಿಗಿಂತ ಕೆಳಗಿಳಿದಿದೆಯೇ ನೋಡಿ.

ಇಷ್ಟೆಲ್ಲಾ ಪುರುಸೊತ್ತಿಲ್ಲ ಎನ್ನುವವರು ದಿನವೂ ಒಂದನ್ನಾದರೂ ಮಾಡಿ. ಗಾಡಿಯನ್ನು ಮನೆಯ ಮುಂದೆ ಎರಡು ಹೆಜ್ಜೆ ತಳ್ಳಿ ಮುಂದಿನ ಬ್ರೇಕು ಹಿಡಿಯಿರಿ. ಇನ್ನೆರಡು ಹೆಜ್ಜೆ ತಳ್ಳಿ ಹಿಂದಿನ ಬ್ರೇಕು ತುಳಿಯಿರಿ. ಎರಡೂ ಹಿಡಿದರೆ ಹತ್ತಿ. ಹಿಡಿಯದಿದ್ದರೆ ಹತ್ತಬೇಡಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಮುಂದೆ ಹೋಗಿರುತ್ತದೆ. ನಿಮ್ಮ ಕೈ ಬ್ರೇಕಿಗೆ ಹೋಗುವುದರೊಳಗೇ ಅಷ್ಟು ದೂರ ಕಳೆಯಿತು. ವೇಗ ಎರಡರಷ್ಟಾದರೆ, ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುತ್ತದೆ.

ಎರಡನೆಯದು ಟಯರು. ನೆಲವನ್ನು ಮುಟ್ಟಿರುವುದು ಅಂಗೈಯಗಲದ ರಬ್ಬರು ಮಾತ್ರ. ಟಯರಿನ ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ಉಬ್ಬು ಇರುತ್ತದೆ. ಮೇಲ್ಮೈ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದರೆ ಟಯರಿನ ಕಾಲ ಮುಗಿಯಿತು. ಗಾಳಿಯನ್ನು ವಾರಕ್ಕೊಮ್ಮೆ, ಗಾಡಿ ಬಿಸಿಯಾಗಿಲ್ಲದಾಗ ನೋಡಿಸಿ. 100 ಸಿಸಿ ಬೈಕುಗಳಿಗೆ ಸಾಧಾರಣವಾಗಿ ಮುಂದೆ 25 ಪೌಂಡು, ಒಬ್ಬರೇ ಕುಳಿತರೆ ಹಿಂದೆ 28 ಪೌಂಡಿನ ಸುಮಾರು. ಹಿಂದೆ ಜನವೋ ಹೊರೆಯೋ ಇದ್ದರೆ ಇನ್ನೂ ಹೆಚ್ಚು ಬೇಕು. ನಿಮ್ಮ ಗಾಡಿಯ ಲೆಕ್ಕ ಅದರ ಜೊತೆ ಕೊಟ್ಟ ಪುಸ್ತಕದಲ್ಲಿದೆ. ಆ ಪುಸ್ತಕವನ್ನು ಪೆಟ್ಟಿಗೆಯಿಂದ ತೆಗೆದು ಓದುವ ಮಗನಿಂದ ಒಮ್ಮೆ ಓದಿಸಿ. ಜಾಲಿ ಮುಳ್ಳು ನಾಟಿದೆಯೇ ಎಂದು ಕೈಯಾಡಿಸದೆ, ಕಣ್ಣಿನಿಂದ ನೋಡಿ.

ಮೂರನೆಯದು ದೀಪ. ಮುಂದಿನ ದೀಪ ನಮಗೆ ಕಾಣುತ್ತದೆ; ಹಿಂದಿನ ಕೆಂಪು ದೀಪ ಸತ್ತು ತಿಂಗಳಾದರೂ ನಮಗೆ ತಿಳಿಯದು. ರಾತ್ರಿ ಗಾಡಿಯ ಹಿಂಬದಿಯನ್ನು ಗೋಡೆಯ ಕಡೆಗೆ ನಿಲ್ಲಿಸಿ ಬ್ರೇಕು ತುಳಿಯಿರಿ. ಗೋಡೆ ಕೆಂಪಾದರೆ ಸರಿ. ಕೆಸರು ಮೆತ್ತಿದ ಗಾಜನ್ನು ಒರಸಿ. ಇನ್ನೊಂದು ವಿಷಯ. ಹುಲ್ಲಿನ ಹೊರೆ ಕಟ್ಟಿದರೆ ಹಿಂದಿನ ದೀಪವೂ ಇಂಡಿಕೇಟರೂ ಅದರಡಿಯಲ್ಲಿ ಮುಚ್ಚಿಹೋಗುತ್ತವೆ. ಕತ್ತಲಾಗುವುದಕ್ಕೆ ಮುಂಚೆ ಮನೆ ಸೇರಿಕೊಳ್ಳಿ. ಅದಾಗದಿದ್ದರೆ ಹೊರೆಯ ಹಿಂಬದಿಗೂ ಕ್ಯಾನಿಗೂ ಹೊಳೆಯುವ ಕೆಂಪು ಪಟ್ಟಿ ಕಟ್ಟಿ. ಕಬ್ಬು ತುಂಬಿದ ಟ್ರಾಕ್ಟರು, ಎತ್ತಿನ ಗಾಡಿ ಇರುವವರೂ ಈ ಕೆಂಪು ಪಟ್ಟಿ ಅಂಟಿಸಿದರೆ ಎಷ್ಟೋ ಮನೆಗಳ ದೀಪ ಉಳಿದೀತು.

ಈ ಮೂರು ಆದ ಮೇಲೆ ಓಡುವ ಭಾಗಕ್ಕೆ ಬನ್ನಿ. ಚೈನಿನ ಕೆಳಭಾಗದ ನಡುವನ್ನು ಬೆರಳಿನಿಂದ ಎತ್ತಿ ನೋಡಿದರೆ ಸುಮಾರು 25 ಮಿಲಿಮೀಟರ್ ಆಡಬೇಕು. ತೀರ ಸಡಿಲವಾದರೆ ಕಳಚಿ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ತೀರ ಬಿಗಿಯಾದರೆ ಕಿತ್ತುಹೋಗುತ್ತದೆ. ಗದ್ದೆಯ ಕೆಸರಿನಲ್ಲಿ ಬಂದ ಮೇಲೆ ಒರಸಿ, ಗೇರ್ ಆಯಿಲ್ ಬಿಡಿ. ಎಂಜಿನ್ನು ಓಡಿಸಿಕೊಂಡು, ಗೇರು ಹಾಕಿ ಚೈನಿಗೆ ಎಣ್ಣೆ ಬಿಡುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಬೆರಳು ಸಿಕ್ಕಿದರೆ ಹೋಯಿತು. ಎಂಜಿನ್ನು ನಿಲ್ಲಿಸಿ ಚಕ್ರವನ್ನು ಕೈಯಿಂದ ತಿರುಗಿಸಿ. ಬ್ರೇಕಿನ ಶೂವಿಗಾಗಲಿ ಡಿಸ್ಕಿಗಾಗಲಿ ಒಂದು ತೊಟ್ಟೂ ಎಣ್ಣೆ ತಾಕಬಾರದು.

ಎಂಜಿನ್ ಆಯಿಲನ್ನು ಅದರ ಕಡ್ಡಿಯಿಂದ ವಾರಕ್ಕೊಮ್ಮೆ ನೋಡಿ. ಗಾಡಿ ನೇರವಾಗಿ ನಿಂತಿರಬೇಕು, ಎಂಜಿನ್ನು ನಿಂತು ಎರಡು ಮೂರು ನಿಮಿಷವಾಗಿರಬೇಕು. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಹಳೆಯ ಮೊಪೆಡ್ಡುಗಳಲ್ಲಿ ಪೆಟ್ರೋಲಿಗೇ ಆಯಿಲ್ ಬೆರೆಸುತ್ತಿದ್ದೆವು. ಈಗಿನ ನಾಲ್ಕು ಸ್ಟ್ರೋಕಿನ ಗಾಡಿಗಳಿಗೆ ಹಾಗೆ ಬೆರೆಸತಕ್ಕದ್ದಲ್ಲ.

ಹೊರೆಯ ವಿಷಯದಲ್ಲಿ ಎರಡು ಮಾತು. ಹಾಲಿನ ಕ್ಯಾನನ್ನು ಒಂದೇ ಕಡೆಗೆ ತೂಗುಹಾಕಬೇಡಿ. ಎರಡೂ ಕಡೆ ಸಮತೂಕವಿರಲಿ. ಹಿಂದೆ ಭಾರ ಹೆಚ್ಚಾದರೆ ಮುಂದಿನ ಚಕ್ರ ಹಗುರವಾಗಿ ಹ್ಯಾಂಡಲು ಮಾತು ಕೇಳುವುದಿಲ್ಲ. ದೀಪವೂ ಮೇಲಕ್ಕೆ ನೋಡಿ ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ಹೆಂಗಸರು ಹಿಂದೆ ಕೂರುವಾಗ ಸೆರಗನ್ನು ಸುತ್ತಿ ಸಿಕ್ಕಿಸಿಕೊಳ್ಳಬೇಕು. ಚಕ್ರದ ಪಕ್ಕದ ಸೀರೆ ಗಾರ್ಡನ್ನು ಹೊರೆಗೆ ಅಡ್ಡವೆಂದು ಬಿಚ್ಚಿ ಎಸೆಯಬೇಡಿ.

ರಸ್ತೆಯ ಮೇಲೂ ನಮ್ಮ ಕಡೆಗೇ ಸೇರಿದ ಕೆಲವು ಅಪಾಯಗಳಿವೆ. ಸುಗ್ಗಿ ಬಂತೆಂದರೆ ರಾಗಿ, ಹುರುಳಿಯನ್ನು ಡಾಂಬರಿನ ಮೇಲೆ ಹರಡಿ ರಸ್ತೆಯನ್ನೇ ಕಣ ಮಾಡಿಬಿಡುತ್ತೇವೆ. ಹುರುಳಿ ಸೊಪ್ಪಿನ ಮೇಲೆ ಬ್ರೇಕು ಹಾಕಿದರೆ ಬೈಕು ಸೋಪಿನ ಮೇಲೆ ಜಾರಿದ ಹಾಗೆ ಜಾರುತ್ತದೆ. ಅಲ್ಲಿಗೆ ಬರುವ ಮೊದಲೇ ನಿಧಾನಿಸಿ, ಅದರ ಮೇಲೆ ಬ್ರೇಕು ಹಾಕದೆ ನೇರವಾಗಿ ದಾಟಿ. ಒಕ್ಕಣೆಗೆ ಊರಿನ ಕಣವಿರುವಾಗ ಇನ್ನೊಬ್ಬರ ಮನೆಯ ಮಗ ಬೀಳುವ ಹಾಗೆ ರಸ್ತೆಗೆ ಹರಡದಿರುವುದು ಇನ್ನೂ ಒಳ್ಳೆಯದು. ನೀರಿನಲ್ಲಿ ದಾಟಿದ ಮೇಲೆ ಬ್ರೇಕು ಒದ್ದೆಯಾಗಿರುತ್ತದೆ. ನಿಧಾನವಾಗಿ ಹೋಗುತ್ತಾ ಮೆಲ್ಲಗೆ ಎರಡು ಮೂರು ಸಾರಿ ಒತ್ತಿ ಒಣಗಿಸಿಕೊಳ್ಳಿ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರುಗಳನ್ನು ಬಿಡುವುದಿಲ್ಲ. ನಮ್ಮ ದಾರಿ ಪಕ್ಕದ ಸರ್ವಿಸ್ ರಸ್ತೆ. ಸುತ್ತು ಉಳಿಯಲಿ ಎಂದು ಅದರಲ್ಲಿ ಎದುರು ದಿಕ್ಕಿಗೆ ನುಗ್ಗಬೇಡಿ.

ಕಡೆಯದಾಗಿ ಹೆಲ್ಮೆಟ್ಟು. “ಇಲ್ಲೇ ಗದ್ದೆಗಲ್ವಾ” ಎನ್ನುತ್ತೇವೆ. ಗದ್ದೆಯ ದಾರಿಯ ಕಲ್ಲೂ ಕಲ್ಲೇ. ಐಎಸ್‌ಐ ಗುರುತಿರುವುದನ್ನು ಕೊಳ್ಳಿ, ಗದ್ದದ ಪಟ್ಟಿ ಹಾಕಿಕೊಳ್ಳಿ. ಪಟ್ಟಿ ಹಾಕದ ಹೆಲ್ಮೆಟ್ಟು ಬಿದ್ದಾಗ ತಲೆಯನ್ನು ಬಿಟ್ಟು ತಾನೊಂದು ಕಡೆ ಹೋಗುತ್ತದೆ. ಹಿಂದೆ ಕೂರುವವರಿಗೂ ಕಾಯಿದೆಯ ಪ್ರಕಾರ ಇದು ಬೇಕೇ ಬೇಕು. ಹಿಂದೆ ಕೂರತಕ್ಕವರೂ ಒಬ್ಬರೇ.

ಇದನ್ನೆಲ್ಲಾ ಯಾವಾಗ ಮಾಡುವುದು? ಸೋಮವಾರ ಎತ್ತಿಗೆ ನೊಗ ಹೂಡದಿರುವ ಪದ್ಧತಿ ನಮ್ಮಲ್ಲಿ ಹಿಂದಿನಿಂದ ಬಂದಿದೆ. ಅದೇ ಸೋಮವಾರ ಬೈಕಿಗೂ ಐದು ನಿಮಿಷ ಕೊಡಿ: ಬ್ರೇಕು, ಟಯರು, ದೀಪ, ಆಮೇಲೆ ಚೈನು, ಆಯಿಲ್. ಮಿಕ್ಕ ದಿನ ಎರಡು ಹೆಜ್ಜೆ ತಳ್ಳಿ ಬ್ರೇಕು ನೋಡಿ ಹತ್ತಿ. ಆಯುಧಪೂಜೆಯ ದಿನ ತೊಳೆದು, ಹೂವಿಟ್ಟು, ನಿಂಬೆಹಣ್ಣು ತುಳಿಸುತ್ತೇವೆ, ಅದು ನಡೆಯಲಿ. ಆದರೆ ಸವೆದ ಬ್ರೇಕನ್ನು ನಿಂಬೆಹಣ್ಣು ಸರಿಮಾಡದು. “ನಾಳೀಕ್ ನೋಡಾಣ” ಎಂಬ ಮಾತು ಬಾಯಿಗೆ ಬಂದಾಗ ನಾಲೆಯ ಅಂಚಿಗೆ ಬಂದು ನಿಂತ ನನ್ನ ಗಾಡಿಯನ್ನು ಜ್ಞಾಪಿಸಿಕೊಳ್ಳಿ.

ನಿಮ್ಮ ದಾರಿಯನ್ನು ಕಾಯುತ್ತಾ ಮನೆಯಲ್ಲಿ ಹೆಂಡತಿ ಮಕ್ಕಳಿದ್ದಾರೆ, ಕೊಟ್ಟಿಗೆಯಲ್ಲಿ ದನಕರುಗಳಿವೆ. ಹುಷಾರಾಗಿ ಹೋಗಿ, ಹುಷಾರಾಗಿ ಬನ್ನಿ.