ಬಡ್ತಿ ಬೇಡವೆಂದು ಬರೆಸಿಕೊಂಡ ಪತ್ರಗಳು



ವೇದಿಕೆಯ ಮೇಲಿರುವ ಹಿರಿಯರೇ, ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯಿಂದ ನಸುಕಿನ ಬಸ್ಸು ಹಿಡಿದು ಬಾಗೇವಾಡಿಗೆ ಬಂದಿರುವ ಆಶಾ ಅಕ್ಕಂದಿರೇ, ಉಪಕೇಂದ್ರದ ಎಎನ್‌ಎಂ, ಅವರ ಮೇಲ್ವಿಚಾರಕಿ ಎಲ್‌ಎಚ್‌ವಿ, ಸ್ಟಾಫ್ ನರ್ಸ್ ತಂಗಿಯರೇ, ಗುತ್ತಿಗೆಯ ಮೇಲೆ ದುಡಿಯುತ್ತಿರುವ ಸಮುದಾಯ ಆರೋಗ್ಯ ಅಧಿಕಾರಿಗಳೇ, ಬಿಡುವು ಮಾಡಿಕೊಂಡು ಬಂದ ನಾಲ್ಕಾರು ವೈದ್ಯರೇ.   ನನಗಿಂತ ಮೊದಲು ಈ ಸಮಾವೇಶದ ಅಧ್ಯಕ್ಷರ ಕುರ್ಚಿಯಲ್ಲಿ ಕೂತವರು ತಮ್ಮ ತಮ್ಮ ಕಾಲಕ್ಕೆ ತಕ್ಕಂತೆ ದುಡಿದಿದ್ದಾರೆ, ಮನವಿ ಕೊಟ್ಟಿದ್ದಾರೆ. ಅವರನ್ನು ಗೌರವದಿಂದ ನೆನೆಯುತ್ತೇನೆ. ಇನ್ನು ಶಾಲು ಹೊದಿಸುವವರು ಇದ್ದರೆ ಆ ಶಾಲುಗಳನ್ನು ಹೆರಿಗೆ ವಾರ್ಡಿಗೆ ಕೊಡಿ, ಅಲ್ಲಿ ಉಪಯೋಗಕ್ಕೆ ಬರುತ್ತವೆ.

ಆಮಂತ್ರಣ ಪತ್ರಿಕೆಯಲ್ಲಿ ನನ್ನ ಭಾಷಣದ ವಿಷಯ 'ಆರೋಗ್ಯ ಕ್ಷೇತ್ರದಲ್ಲಿ ಮಹಿಳಾ ನಾಯಕತ್ವ' ಎಂದು ಅಚ್ಚಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದೇ ವಿಷಯದ ಮೇಲೆ ಒಂದು ವರದಿ ತಂದಿತು. ಜಗತ್ತಿನ ಆರೋಗ್ಯ ಸಿಬ್ಬಂದಿಯಲ್ಲಿ ನೂರಕ್ಕೆ 70 ಮಂದಿ ಹೆಂಗಸರು. ಮೇಲಿನ ಹುದ್ದೆಗಳಲ್ಲಿ ಅವರು ನೂರಕ್ಕೆ 25. ಈ ಲೆಕ್ಕ ತಿಳಿಯಲು ಜಿನೀವಾದ ಆ ಸಂಸ್ಥೆಯವರೇ ಬೇಕಾಗಿರಲಿಲ್ಲ. ನಮ್ಮ ಯಾವುದಾದರೂ ತಾಲೂಕಿನ ತಿಂಗಳ ಸಭೆಗೆ ಬಂದು ಬಾಗಿಲಲ್ಲಿ ನಿಂತಿದ್ದರೆ ಸಾಕಿತ್ತು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಯಾರಿರುತ್ತಾರೆ, ಹಿಂದೆ ಬೆಂಚಿನ ಮೇಲೆ ತೊಡೆಯ ಮೇಲೆ ರಜಿಸ್ಟರ್ ಇಟ್ಟುಕೊಂಡು ಯಾರು ಕೂತಿರುತ್ತಾರೆ, ನಿಮಗೆ ಗೊತ್ತು.

ಕೆಲಸ ಆಗಿಲ್ಲ ಎಂದು ಯಾರೂ ಹೇಳುವಂತಿಲ್ಲ. 2004–06ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 213 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ಈ ಅಂಕಿಗಳನ್ನು ತೋರಿಸಿ ಯಾರು ಯಾರೋ ಪ್ರಶಸ್ತಿ ತೆಗೆದುಕೊಂಡರು. ಆದರೆ ದೀಪಾವಳಿ ಮುಗಿಯುತ್ತಲೇ ತಾಂಡಾದಿಂದ ಕಬ್ಬು ಕಡಿಯಲು ಹೊರಟ ಬಸುರಿ ಯಾವ ಕಾರ್ಖಾನೆಯ ಗುಡಿಸಲಲ್ಲಿದ್ದಾಳೆ, ಅವಳ ತಾಯಿ ಕಾರ್ಡ್ ಯಾರ ಕೈಯಲ್ಲಿದೆ, ಭೀಮಾ ನದಿಗೆ ನೀರು ಬಂದರೆ ಯಾವ ಊರಿನ ಯಾವ ಗರ್ಭಿಣಿಯನ್ನು ಮೊದಲು ಸಾಗಿಸಬೇಕು, ಇವೆಲ್ಲ ಇರುವುದು ನಮ್ಮ ಆಶಾ ಮತ್ತು ಎಎನ್‌ಎಂಗಳ ತಲೆಯಲ್ಲಿ. 2020ರ ಅಕ್ಟೋಬರಿನ ಪ್ರವಾಹದಲ್ಲಿ, ಕೊರೊನಾದ ನಡುವೆಯೇ, ಇಂಡಿ ಸಿಂದಗಿಯ ನದಿ ದಂಡೆಯಲ್ಲಿ ಇದನ್ನೆಲ್ಲ ಮಾಡಿದವರು ಈ ಪೆಂಡಾಲಿನಲ್ಲೇ ಕೂತಿದ್ದೀರಿ. ಇದಕ್ಕೆ ನಾಯಕತ್ವ ಅನ್ನದಿದ್ದರೆ ಇನ್ನಾವುದಕ್ಕೆ ಅನ್ನಬೇಕೋ ನನಗೆ ತಿಳಿಯದು.

ನಮಗೆ ಹೊಗಳಿಕೆ ಧಾರಾಳವಾಗಿ ಸಿಗುತ್ತದೆ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾ ಕಾರ್ಯಕರ್ತೆಯರನ್ನೆಲ್ಲ ಜಾಗತಿಕ ಆರೋಗ್ಯ ನಾಯಕರೆಂದು ಗೌರವಿಸಿತು. ಅದೇ ಜಾಗತಿಕ ನಾಯಕಿಯರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತ ಮೇಲೆ ತಿಂಗಳಿಗೆ 10,000 ರೂಪಾಯಿಯ ಭರವಸೆ ಸಿಕ್ಕಿತು. ಬಸವಣ್ಣ ಹುಟ್ಟಿದ ಊರಿನಲ್ಲಿ ನಿಂತು ಹೇಳುತ್ತೇನೆ: ಕಾಯಕದ ಮೇಲೆ ಉಪನ್ಯಾಸ ಕೇಳಿ ಕೇಳಿ ನಮಗೆ ಸಾಕಾಗಿದೆ. ಕಾಯಕ ನಮಗೆ, ಕುರ್ಚಿ ಅವರಿಗೆ ಎಂದು ಬಸವಣ್ಣ ಎಲ್ಲಿಯೂ ಹೇಳಿಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನನ್ನ ನೌಕರಿಯ ಬಹುಭಾಗ ನಾನು ಜಗಳಾಡಿದ್ದು ಒಂದು ಕಾಗದದ ಸಲುವಾಗಿ. ಅದು ನಿಮ್ಮಲ್ಲಿ ಬಹಳ ಮಂದಿಗೆ ಪರಿಚಯದ ಕಾಗದ. 'ಕೌಟುಂಬಿಕ ಕಾರಣಗಳಿಂದಾಗಿ ಸದರಿ ಬಡ್ತಿಯನ್ನು ಸ್ವೀಕರಿಸಲು ನಾನು ಇಚ್ಛಿಸುವುದಿಲ್ಲ' ಎಂದು ಶುರುವಾಗಿ ಅಲ್ಲಿಗೇ ಮುಗಿಯುತ್ತದೆ. ಅದನ್ನು ಯಾರೂ ಸ್ವಂತ ಬುದ್ಧಿಯಿಂದ ಬರೆಯುವುದಿಲ್ಲ. ಕಚೇರಿಯ ಟೇಬಲ್ಲಿನ ಡ್ರಾದಲ್ಲಿ ಅದರ ಮಾದರಿ ಇರುತ್ತದೆ. ತೆಗೆದುಕೊಟ್ಟು, "ಇದನ್ನ ನೋಡಿ ಬರದ್ ಕೊಡ್ರಿ ಬಾಯಾರ, ನಿಮಗೂ ಸುಖ, ನಮಗೂ ಸುಖ" ಅನ್ನುತ್ತಾರೆ. ನನ್ನ ಕೈಯಿಂದಲೂ ಒಮ್ಮೆ ಬರೆಸಿಕೊಂಡರು.

ಆ ಕೌಟುಂಬಿಕ ಕಾರಣ ಎಂದರೇನು? ಬಿಡಿಸಿ ನೋಡೋಣ. ಎಎನ್‌ಎಂ ಆಗಿ ಸೇರಿದವಳು ಎಲ್‌ಎಚ್‌ವಿ ಆಗುವ ಹೊತ್ತಿಗೆ ತಲೆ ಅರ್ಧ ಬೆಳ್ಳಗಾಗಿರುತ್ತದೆ. ಮಗಳು ಹತ್ತನೆಯ ಇಯತ್ತೆಯಲ್ಲಿರುತ್ತಾಳೆ, ಅತ್ತೆ ಹಾಸಿಗೆ ಹಿಡಿದಿರುತ್ತಾರೆ. ಬಡ್ತಿಯ ಆದೇಶ ಬರುತ್ತದೆ. ಇಂಡಿಯ ಗಡಿ ಹಳ್ಳಿಯವಳಿಗೆ ಮುದ್ದೇಬಿಹಾಳದ ಆ ತುದಿ. ಎರಡು ಬಸ್ಸು ಬದಲಿಸಬೇಕು. ಕೇಂದ್ರಸ್ಥಾನದಲ್ಲಿಯೇ ವಾಸ ಮಾಡಬೇಕು ಎಂಬುದು ನಿಯಮ. ಆಗಲಿ ಎಂದು ಹೋಗಿ ನೋಡಿದರೆ ಕ್ವಾರ್ಟರ್ಸಿನ ಮಾಳಿಗೆ ಸೋರುತ್ತದೆ, ಸಂಡಾಸಿಗೆ ಬಾಗಿಲಿಲ್ಲ, ಬೋರಿನ ನೀರು ಉಪ್ಪು, ಬೇಸಿಗೆಯಲ್ಲಿ ಅದೂ ಇಲ್ಲ, ಹಿಂದಿನ ಗೋಡೆಗೆ ಹತ್ತಿ ಇಸ್ಪೀಟಿನವರು ಕೂಡುತ್ತಾರೆ. ಆದರೆ ಕಾಗದದ ಮೇಲೆ ಕ್ವಾರ್ಟರ್ಸ್ ಹಂಚಿಕೆಯಾಗಿದೆ, ಆದ್ದರಿಂದ ಮನೆ ಬಾಡಿಗೆ ಭತ್ಯೆ ಕಟ್. ಅವಳು ತಾಲೂಕಿನ ಊರಲ್ಲಿ ಸ್ವಂತ ಖರ್ಚಿನಿಂದ ಬಾಡಿಗೆ ಮನೆ ಹಿಡಿಯುತ್ತಾಳೆ. ಒಂದು ಸಂಜೆ ಜೀಪು ಬರುತ್ತದೆ, ಅವಳು ಅಲ್ಲಿರುವುದಿಲ್ಲ. ಕಾರಣ ಕೇಳಿ ನೋಟಿಸು. ವರ್ಷದ ಕಾರ್ಯನಿರ್ವಹಣಾ ವರದಿಯಲ್ಲಿ 'ಕೇಂದ್ರಸ್ಥಾನದಲ್ಲಿ ವಾಸವಿಲ್ಲ' ಎಂಬ ಒಂದು ಸಾಲು. ಮುಂದಿನ ಹುದ್ದೆಯ ಕಡತ ತೆರೆದಾಗ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಆ ಒಂದು ಸಾಲೇ. ಇವಳು ಮಾಡಿಸಿದ ಹೆರಿಗೆ, ಹಾಕಿದ ಲಸಿಕೆ ಯಾವ ಪುಟದಲ್ಲಿಯೂ ಇರುವುದಿಲ್ಲ. ಇದನ್ನೆಲ್ಲ ಪಕ್ಕದ ಉಪಕೇಂದ್ರದ ಹುಡುಗಿ ನೋಡಿರುತ್ತಾಳೆ. ತನ್ನ ಸರತಿ ಬಂದಾಗ ಅವಳೇ ಹೋಗಿ ಮಾದರಿ ಕಾಗದ ಕೇಳುತ್ತಾಳೆ.

ಆಮೇಲೆ ಸಭೆಯಲ್ಲಿ ಏನು ಹೇಳುತ್ತಾರೆ? "ನಾವು ಕೊಟ್ಟರೂ ಹೆಣ್ಣುಮಕ್ಕಳೇ ಬ್ಯಾಡ ಅಂತಾರ." ಈ ಮಾತು ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತದೆ. ಬಡ್ತಿಯ ಜೊತೆ ಇಷ್ಟೆಲ್ಲ ಮುಳ್ಳು ಸೇರಿಸಿ ಕೊಟ್ಟು, ಕೈ ಹಿಂದೆ ತೆಗೆದವಳನ್ನೇ ದೂರುವುದು ಯಾವ ನ್ಯಾಯ? ಒಂದು ಸಭೆಯಲ್ಲಿ ಹಿರಿಯ ಅಧಿಕಾರಿಯೊಬ್ಬರು ನನಗೆ ಕೇಳಿದ್ದರು: "ತಾಲೂಕಿನ ಮೇಲ್ವಿಚಾರಣೆ ಅಂದ್ರ ರಾತ್ರಿ ಹೊತ್ತು ಜೀಪಿನ್ಯಾಗ ತಿರಗೂದು ಇರ್ತದ, ನಿಮಗ ಆಗ್ತದೇನ್ರಿ?" ನಾನು ಹೇಳಿದೆ: "ರಾತ್ರಿ ಎರಡಕ್ಕ ಯಾರದೋ ಮೋಟರ್‌ಸೈಕಲ್ ಹಿಂದ ಕುಂತು ಹೆರಿಗಿಗಿ ಹೋಗಲಿಕ್ಕೆ ನಮಗ ಆಗ್ತದ ಸಾಹೇಬ್ರ, ಸರಕಾರಿ ಜೀಪಿನ್ಯಾಗ ಆಗೂದಿಲ್ಲೇನು?" ಅವರು ನಕ್ಕು ಮುಂದಿನ ವಿಷಯಕ್ಕೆ ಹೋದರು. ಆ ನಗೆಗೆ ನನಗೆ ಇನ್ನೂ ಉತ್ತರ ಸಿಕ್ಕಿಲ್ಲ.

ಹೊರಗಿನವರ ಮೇಲಷ್ಟೇ ತಪ್ಪು ಹೊರಿಸಿ ಕೂಡಲಾರೆ. ನಮ್ಮದೇ ಹಿಂದಿನ ಸಮಾವೇಶವೊಂದರಲ್ಲಿ ಈ ಪತ್ರಗಳ ಬಗ್ಗೆ ಠರಾವು ಮಂಡಿಸಿದ್ದೆ. ಮೊದಲು ವೇತನ ಶ್ರೇಣಿಯ ಮಾತಾಗಲಿ, ಕ್ವಾರ್ಟರ್ಸಿನ ಸಣ್ಣ ವಿಷಯ ಆಮೇಲೆ ನೋಡೋಣ ಎಂದು ಅದನ್ನು ಕೈಬಿಟ್ಟರು. ಕೈಬಿಟ್ಟವರು ಇವತ್ತೂ ಮೊದಲ ಸಾಲಿನಲ್ಲಿದ್ದೀರಿ, ನಾನು ಮರೆತಿಲ್ಲ. ಅದು ಸಣ್ಣ ವಿಷಯವಲ್ಲ. 1989ರಲ್ಲಿಯೇ ಸರೋಜಿನಿ ವರದಪ್ಪನ್ ಅವರ ಉನ್ನತಾಧಿಕಾರ ಸಮಿತಿ ನರ್ಸಿಂಗ್ ವೃತ್ತಿಯ ಸ್ಥಿತಿ ನೋಡಿ ವಸತಿ, ಬಡ್ತಿ ಎರಡರ ಬಗ್ಗೆಯೂ ಬರೆದಿತ್ತು. ಅಲ್ಲದೆ ಮೇಲೆ ಹೋದ ನಮ್ಮವರೇ ಕೆಲವರು 'ನಾವೇನು ಅನುಭವಿಸಿಲ್ಲೇನು, ನೀವೂ ಅನುಭವಿಸಿರಿ' ಎಂದು ಅತ್ತೆಯ ಹಾಗೆ ನಡೆದುಕೊಂಡದ್ದೂ ಉಂಟು. ಕುರ್ಚಿಯಲ್ಲಿ ಹೆಣ್ಣು ಕೂತ ಮಾತ್ರಕ್ಕೆ ಎಲ್ಲ ಸರಿಯಾಗುತ್ತದೆ ಎಂದು ನಾನು ನಂಬಿಲ್ಲ. ಆದರೆ ಸಂಡಾಸಿಗೆ ಬಾಗಿಲು ಬೇಕು ಎಂದು ಅವಳಿಗೆ ಎರಡು ಸಲ ಹೇಳಬೇಕಾಗುವುದಿಲ್ಲ.

ಸಿಂದಗಿಯ ತಂಗಿಯರು ಯಾವಾಗಲೂ ಒಂದು ಪ್ರಶ್ನೆ ಕೇಳುತ್ತಾರೆ: ಪಕ್ಕದ ತಾಲೂಕಿನವರಿಗೆ ಇರುವುದು ನಮಗೇಕಿಲ್ಲ? ಭೀಮೆಯ ಆಚೆ ಅಫಜಲಪುರ, ಈ ಕಡೆ ಜೇವರ್ಗಿ. ಅಲ್ಲಿ ಸಂವಿಧಾನದ 371(ಜೆ) ವಿಧಿಯ ಪ್ರಕಾರ ಸ್ಥಳೀಯ ವೃಂದ, ಅದರೊಳಗೇ ಬಡ್ತಿ. ನಮ್ಮ ಜಿಲ್ಲೆ ಬೆಳಗಾವಿ ವಿಭಾಗದ್ದು, ಆದ್ದರಿಂದ ಇಲ್ಲಿ ಅದು ಇಲ್ಲ. 2002ರ ನಂಜುಂಡಪ್ಪ ಸಮಿತಿಯ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಮಾತ್ರ ಬಾಗೇವಾಡಿಯೂ ಸೇರಿ ನಾವು ನಾಲ್ಕೂ ತಾಲೂಕಿನವರು ಇದ್ದೇವೆ. ಹಿಂದುಳಿದವರೆಂದು ಎಣಿಸುವಾಗ ಒಳಗೆ, ಸೌಲಭ್ಯ ಹಂಚುವಾಗ ಹೊರಗೆ. ಸಂವಿಧಾನ ತಿದ್ದಿಸುವುದು ಈ ಪೆಂಡಾಲಿನಿಂದ ಆಗುವ ಕೆಲಸವಲ್ಲ. ಶಾಸಕರು ಬಂದಿದ್ದರೆ ಅವರಿಗೆ ಹೇಳುತ್ತಿದ್ದೆ, ಬಂದಿಲ್ಲ.

ನಾನು ಕೇಳುವುದು ಇಷ್ಟು. ಬಡ್ತಿಯನ್ನು ಕೌನ್ಸೆಲಿಂಗ್ ಮೂಲಕ ಕೊಡಿ, ಮೊದಲ ಆಯ್ಕೆ ಅದೇ ತಾಲೂಕು ಅಥವಾ ಪಕ್ಕದ ತಾಲೂಕು ಇರಲಿ. ವರ್ಗಾವಣೆಗೆ 2011ರ ಕಾಯ್ದೆ ಇದೆ, ಬಡ್ತಿಯ ಸ್ಥಳ ನಿಯುಕ್ತಿಗೆ ಅದೇ ಶಿಸ್ತು ಬರಲು ಏನು ಅಡ್ಡಿ? ನಿರಾಕರಣೆ ಪತ್ರದಲ್ಲಿ ಕಾರಣದ ಕಾಲಂ ಕಡ್ಡಾಯವಾಗಲಿ, ಪತ್ರ ಕೊಟ್ಟವಳನ್ನು ಮೂವತ್ತು ದಿನದೊಳಗೆ ಕರೆದು ಕೇಳಿ, ಆಮೇಲೆ ಸ್ವೀಕರಿಸಿ. ಕ್ವಾರ್ಟರ್ಸು ವಾಸಯೋಗ್ಯ ಎಂದು ಎಂಜಿನಿಯರ್ ಜೊತೆಗೆ ಅಲ್ಲಿ ಇರಬೇಕಾದವಳೂ ಸಹಿ ಮಾಡುವವರೆಗೆ ಬಾಡಿಗೆ ಭತ್ಯೆ ನಿಲ್ಲಿಸಬೇಡಿ. ತಾಲೂಕು ಮಟ್ಟದಲ್ಲಿ ನರ್ಸಿಂಗ್ ಹಿನ್ನೆಲೆಯ ಒಬ್ಬ ಅಧಿಕಾರಿ ಇರಲಿ, ಅವಳಿಗೆ ವಾಹನ ಇರಲಿ. ಪಂಚಾಯ್ತಿಯಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಮೀಸಲು. ಕೆಲವು ಕಡೆ ಗಂಡ ಬಂದು ಕುರ್ಚಿ ಎಳೆದುಕೊಂಡು ಕೂಡುತ್ತಾನೆ ಎಂಬುದು ನಿಜ, ಆದರೂ ಸಹಿ ಅವಳದೇ. ನಮ್ಮ ಇಲಾಖೆಯಲ್ಲಿ ಅಷ್ಟಾದರೂ ಆಗಲಿ.

ಇನ್ನು ಕೆಲವು ನನ್ನ ಆಸೆಗಳು, ನಗಬೇಡಿ. ವಿಜಯಪುರದಲ್ಲಿ ನಮ್ಮ ಸಿಬ್ಬಂದಿಯ ಮಕ್ಕಳಿಗೊಂದು ವಸತಿನಿಲಯ ಆಗಬೇಕು. ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಎಎನ್‌ಎಂಗಳಿಗೆ ಕಚೇರಿ ಆಡಳಿತ, ಲೆಕ್ಕಪತ್ರ, ಸೇವಾ ನಿಯಮ ಕಲಿಸುವ ಒಂದು ಕೋರ್ಸು ಬರಬೇಕು. ನಿಯಮ ತಿಳಿದವಳಿಂದ ಯಾರೂ ಮಾದರಿ ಕಾಗದ ಬರೆಸಿಕೊಳ್ಳಲಾರರು. ರಾಜ್ಯದಲ್ಲಿ ನರ್ಸಿಂಗಿಗೆ ತನ್ನದೇ ಪೂರ್ಣ ನಿರ್ದೇಶನಾಲಯ ಆಗಿ, ಅದರ ತಲೆಯ ಮೇಲೆ ಹಳ್ಳಿಯಲ್ಲಿ ದುಡಿದ ನರ್ಸೇ ಕೂಡಬೇಕು. ದೇಶದ ನರ್ಸಿಂಗ್ ಪರಿಷತ್ತಿನ ಅಧ್ಯಕ್ಷ ಸ್ಥಾನದಲ್ಲಿಯೇ ವರ್ಷಾನುಗಟ್ಟಲೆ ಪುರುಷರು ಕೂತಿದ್ದನ್ನು ಕಂಡವರು ನಾವು. ಆದ್ದರಿಂದ ಈ ಆಸೆ ತಡವಾಗಬಹುದು. ಈ ನಾಲ್ಕೂ ತಾಲೂಕಿನ ಆರೋಗ್ಯಾಧಿಕಾರಿಗಳು ಒಂದೇ ಕಾಲಕ್ಕೆ ಹೆಂಗಸರಾಗಿರುವುದನ್ನು ನೋಡುವ ಆಸೆಯೂ ಇದೆ.

ಊಟಕ್ಕೆ ಏಳುವ ಮೊದಲು ಒಂದು ಕೆಲಸ. ಬಾಗಿಲ ಹತ್ತಿರದ ಟೇಬಲ್ಲಿನ ಮೇಲೆ ಫಾರ್ಮುಗಳಿವೆ. ಯಾವ ಯಾವ ವರ್ಷ ಬಡ್ತಿ ನಿರಾಕರಿಸಿ ಬರೆದುಕೊಟ್ಟಿರಿ, ಎಲ್ಲಿಗೆ ಹಾಕಿದ್ದರು, ಅಲ್ಲಿಯ ಕ್ವಾರ್ಟರ್ಸ್ ಹೇಗಿತ್ತು, ನಿಜವಾದ ಕಾರಣ ಏನಿತ್ತು, ಅದರಲ್ಲಿ ಬರೆಯಿರಿ. ಕೌಟುಂಬಿಕ ಎಂದು ಬರೆದರೆ ವಾಪಸ್ ಕೊಡುತ್ತೇನೆ. ಹೆದರಿಕೆಯಿದ್ದವರು ಗುಂಪಾಗಿ ಒಂದೇ ಹಾಳೆಯಲ್ಲಿ ಬರೆಯಿರಿ. ಬರುವ ಸೋಮವಾರ ನಾನು ಅವನ್ನೆಲ್ಲ ವಿಜಯಪುರಕ್ಕೆ ಒಯ್ದು ಜಿಲ್ಲಾ ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬರುತ್ತೇನೆ. ಜೊತೆಗೆ ಪ್ರತಿ ತಾಲೂಕಿನಿಂದ ಇಬ್ಬಿಬ್ಬರು ಬನ್ನಿರಿ.