ಸಾಕ್ಷಿಯ ಪರೀಕ್ಷೆ

(ಪವಾಯಿಯ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಗೆ ಸಾಹಿತಿಗಳನ್ನೂ ಇತಿಹಾಸಜ್ಞರನ್ನೂ ಕರೆಯುವುದು ವಾಡಿಕೆ. ಈ ವರ್ಷ ಪ್ರಯೋಗಶಾಲೆಯಲ್ಲಿ ಆಯುಷ್ಯ ಸವೆಸಿದ ನಮ್ಮನ್ನು ಕರೆದಿದ್ದೀರಿ. "ನಿಮ್ಮ ದಿನನಿತ್ಯದ ಕೆಲಸವನ್ನೇ ಮನೆಮಂದಿಗೆಲ್ಲ ತಿಳಿಯುವ ಕನ್ನಡದಲ್ಲಿ ಹೇಳಿ" ಎಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ಅದನ್ನು ಶಿರಸಾವಹಿಸಿ, ಜೀವಕೋಶದೊಳಗೆ ನಡೆಯುವ ಸಂದೇಶ ವ್ಯವಹಾರವನ್ನು ನಾವು ಹೇಗೆ ಅಳೆಯುತ್ತೇವೆ ಎಂಬ ವಿಷಯವಾಗಿ ನಾಲ್ಕು ಮಾತು ನಿವೇದಿಸುತ್ತೇವೆ.

ಊಟವಾದ ಮೇಲೆ ನಮ್ಮ ರಕ್ತದಲ್ಲಿ ಸಕ್ಕರೆ ಏರುತ್ತದೆ. ಮೇದೋಜೀರಕ ಗ್ರಂಥಿ ಇನ್‌ಸುಲಿನ್ನನ್ನು ಕಳುಹಿಸುತ್ತದೆ. ಇನ್‌ಸುಲಿನ್ ಸ್ನಾಯುವಿನ ಕೋಶದ ಬಾಗಿಲು ತಟ್ಟುತ್ತದೆಯೇ ಹೊರತು ಒಳಗೆ ಹೋಗಿ ಸಂದೇಶ ಹೇಳುವುದಿಲ್ಲ. ಬಾಗಿಲಲ್ಲಿ ನಿಂತ ಒಂದು ಪ್ರೋಟೀನು ಆ ಸುದ್ದಿಯನ್ನು ಪಕ್ಕದ ಪ್ರೋಟೀನಿಗೂ, ಅದು ಮತ್ತೊಂದಕ್ಕೂ ದಾಟಿಸುತ್ತವೆ. ಕೊನೆಗೆ ಸಕ್ಕರೆಯನ್ನು ಒಳಗೆ ಬಿಡುವ ದ್ವಾರಗಳು ಕೋಶದ ಮೇಲ್ಮೈಗೆ ಬರುತ್ತವೆ. ಈ ದಾಟಿಸುವಿಕೆಯಲ್ಲಿ ಹೆಚ್ಚಿನ ಪಾಲು ನಡೆಯುವುದು ಫಾಸ್ಫೇಟ್ ಎಂಬ ಸಣ್ಣದೊಂದು ತುಣುಕು ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ.

ಕಾಂಜೂರ್‌ಮಾರ್ಗದಲ್ಲಿ ರೈಲಿಗಾಗಿ ಕಾಯುವಾಗ ಸಿಗ್ನಲ್ಲಿನ ಕಂಬವನ್ನು ನೀವೆಲ್ಲ ನೋಡಿದ್ದೀರಿ. ದೀಪ ಕೆಂಪಾದರೂ ಹಸಿರಾದರೂ ಕಂಬ ಅದೇ. ಕಂಬಗಳನ್ನು ಎಣಿಸಿ ಗಾಡಿ ಹೊರಟಿತೋ ಇಲ್ಲವೋ ಹೇಳಲಾಗದು. ಕೋಶದಲ್ಲೂ ಹಾಗೆಯೇ. ಪ್ರೋಟೀನು ಎಷ್ಟಿದೆ ಎಂದು ತಿಳಿದರೆ ಸಾಲದು, ಎಷ್ಟಕ್ಕೆ ಫಾಸ್ಫೇಟ್ ಅಂಟಿದೆ ಎಂದೂ ತಿಳಿಯಬೇಕು. ಸಾವಿರಾರು ಬಗೆಯ ಪ್ರೋಟೀನುಗಳು ಕಿಕ್ಕಿರಿದ ಆ ಸಂತೆಯಲ್ಲಿ ಬೇಕಾದ ಒಂದನ್ನು ಗುರುತು ಹಿಡಿಯುವವರು ಯಾರು?

ಆ ಕೆಲಸಕ್ಕೆ ದೊರೆತದ್ದು ಪ್ರತಿಕಾಯ. ರೋಗಾಣು ಹೊಕ್ಕಾಗ ದೇಹವೇ ತಯಾರಿಸುವ ಕಾವಲುಗಾರ ಇದು. ಒಂದು ಬೀಗಕ್ಕೆ ಒಂದು ಕೀಲಿಯಂತೆ ತನ್ನ ಗುರಿಗೆ ಅಂಟಿಕೊಳ್ಳುವುದು ಇದರ ಗುಣ. ೧೮೯೦ರಲ್ಲಿ ಬರ್ಲಿನ್ನಿನಲ್ಲಿ ಬೇರಿಂಗ್ ಮತ್ತು ಕಿತಾಸಾಟೊ ಎಂಬ ವಿಜ್ಞಾನಿಗಳು ಇದರ ಶಕ್ತಿಯನ್ನು ಲೋಕಕ್ಕೆ ತೋರಿಸಿದರು. ನಮ್ಮ ಪರೇಲಿನ ಹಾಫ್‌ಕಿನ್ ಸಂಸ್ಥೆ ಕುದುರೆಯ ರಕ್ತದಿಂದ ಹಾವಿನ ವಿಷಕ್ಕೆ ಮದ್ದು ಮಾಡಿ ಹೆಸರಾದದ್ದೂ ಇದೇ ಗುಣದ ಬಲದಿಂದ. ೧೯೭೫ರಲ್ಲಿ ಕೇಂಬ್ರಿಜ್ಜಿನಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಬೆಳೆಯುವ ಉಪಾಯ ಕಂಡುಹಿಡಿದರು. ೧೯೮೪ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಫಾಸ್ಫೇಟ್ ಅಂಟಿದ ಪ್ರೋಟೀನನ್ನು ಮಾತ್ರ ಹಿಡಿದು, ಅಂಟದುದನ್ನು ಬಿಡುವ ಪ್ರತಿಕಾಯಗಳೂ ಈಗ ದೊರೆಯುತ್ತವೆ.

ಅಳೆಯುವ ಕ್ರಮ ಕಷ್ಟದ್ದಲ್ಲ. ಕೋಶಗಳನ್ನು ಒಡೆದು, ಆ ರಸವನ್ನು ಮೆತ್ತನೆಯ ಜೆಲ್ಲಿನ ಒಂದು ತುದಿಯಲ್ಲಿ ಇಟ್ಟು ವಿದ್ಯುತ್ ಹರಿಸುತ್ತೇವೆ. ಚಿಕ್ಕ ಪ್ರೋಟೀನುಗಳು ಬೇಗ ಓಡುತ್ತವೆ, ದೊಡ್ಡವು ಹಿಂದೆ ಉಳಿಯುತ್ತವೆ. ಅನಂತರ ಅವನ್ನು ಕಾಗದದಂಥ ತೆಳು ಹಾಳೆಗೆ ಇಳಿಸಿ, ಮೇಲೆ ಪ್ರತಿಕಾಯವನ್ನು ಸುರಿದು ತೊಳೆಯುತ್ತೇವೆ. ಅದು ಅಂಟಿದ ಕಡೆ ಬೆಳಕು ಚಿಮ್ಮುವಂತೆ ಮಾಡಿ ಚಿತ್ರ ತೆಗೆದರೆ, ಕಪ್ಪಗೆ ಒಂದು ಗೆರೆ ಮೂಡುತ್ತದೆ. ಗೆರೆ ದಪ್ಪವಾದಷ್ಟೂ ಪ್ರೋಟೀನು ಹೆಚ್ಚು. ೧೯೭೯ರಿಂದ ಬಳಕೆಗೆ ಬಂದ ಈ ಕ್ರಮಕ್ಕೆ 'ವೆಸ್ಟರ್ನ್ ಬ್ಲಾಟ್' ಎಂದು ಹೆಸರು.

ಇಷ್ಟೆಲ್ಲ ಸರಿ. ಆದರೆ ಆ ಕಪ್ಪು ಗೆರೆ ನಿಜ ನುಡಿಯುತ್ತಿದೆಯೆಂದು ನಂಬುವುದು ಹೇಗೆ? ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿದ್ದಾಗ, ಕೊಂಡು ತಂದ ಪ್ರತಿಕಾಯವೊಂದರಿಂದ ಏಳು ತಿಂಗಳು ದುಡಿದೆವು. ಗೆರೆ ಸರಿಯಾದ ಎತ್ತರದಲ್ಲೇ ಬರುತ್ತಿತ್ತು, ನಾವು ಊಹಿಸಿದಂತೆಯೇ ಏರಿಳಿಯುತ್ತಿತ್ತು. ಲೇಖನವೂ ಸಿದ್ಧವಾಗಿತ್ತು. ಆಗ ಹಿರಿಯರೊಬ್ಬರು, "ಆ ಪ್ರೋಟೀನು ಇಲ್ಲವೇ ಇಲ್ಲದ ಕೋಶದಲ್ಲಿ ಗೆರೆ ಮಾಯವಾಗುತ್ತದೆಯೇ? ನೋಡಿದ್ದೀರಾ?" ಎಂದು ಕೇಳಿದರು. ನೋಡಿರಲಿಲ್ಲ. ಆ ಪ್ರೋಟೀನಿನ ಜೀನನ್ನೇ ತೆಗೆದುಹಾಕಿದ ಕೋಶಗಳನ್ನು ತರಿಸಿ ನೋಡಿದೆವು. ಗೆರೆ ಇದ್ದಲ್ಲೇ ಇತ್ತು! ನಮ್ಮ ಸಾಕ್ಷಿ ಏಳು ತಿಂಗಳೂ ಬೇರೆ ಯಾರನ್ನೋ ತೋರಿಸಿ ಇವನೇ ಎಂದು ಹೇಳುತ್ತಿತ್ತು. ಟಿಪ್ಪಣಿ ಪುಸ್ತಕದ ಹಾಳೆಗಳ ಮೇಲೆ ಅಡ್ಡಗೆರೆ ಎಳೆದ ಆ ಸಂಜೆಯನ್ನು ನಾವು ಮರೆತಿಲ್ಲ.

ಇದು ನಮ್ಮೊಬ್ಬರ ಕಥೆಯಲ್ಲವೆಂದು ಮುಂದೆ ತಿಳಿಯಿತು. ಈಸ್ಟ್ರೋಜನ್ ಹಾರ್ಮೋನಿನ ಸಂದೇಶ ಸ್ವೀಕರಿಸುವ ಎರಡನೆಯದೊಂದು ಪ್ರೋಟೀನು ೧೯೯೬ರಲ್ಲಿ ಬೆಳಕಿಗೆ ಬಂದಿತ್ತು. ಅದರ ವಿಷಯವಾಗಿ ಲೇಖನಗಳ ರಾಶಿಯೇ ಬೆಳೆಯಿತು. ೧೯೯೬ರಿಂದ ಎರಡು ದಶಕ ಕಳೆದು, ೨೦೧೭ರಲ್ಲಿ, ಸ್ವೀಡನ್ನಿನ ವಿಜ್ಞಾನಿಗಳು ಅದಕ್ಕೆಂದು ಬಳಸುತ್ತಿದ್ದ ೧೩ ಪ್ರತಿಕಾಯಗಳನ್ನು ಒರೆಗೆ ಹಚ್ಚಿದರೆ, ನೆಚ್ಚಬಹುದಾದದ್ದು ಒಂದೇ ಒಂದು! ೨೦೨೩ರಲ್ಲಿ ೬೫ ಪ್ರೋಟೀನುಗಳಿಗಾಗಿ ಮಾರುತ್ತಿದ್ದ ೬೧೪ ಪ್ರತಿಕಾಯಗಳನ್ನು ಪರೀಕ್ಷಿಸಿದಾಗ, ಅರ್ಧಕ್ಕಿಂತ ಹೆಚ್ಚಿನವು ಒಂದಲ್ಲ ಒಂದು ಪರೀಕ್ಷೆಯಲ್ಲಿ ಸೋತವು.

ಇದರಿಂದ ಸಂಸಾರವಂದಿಗರಾದ ನಮಗೇನು ಎಂದು ಕೇಳಬಹುದು. ಸ್ತನದ ಕ್ಯಾನ್ಸರ್ ಆದ ತಾಯಿಯೊಬ್ಬಳ ಗಡ್ಡೆಯ ಚೂರನ್ನು ತೆಗೆದು, ಹರ್-೨ ಎಂಬ ಸಂದೇಶವಾಹಕ ಪ್ರೋಟೀನು ಎಷ್ಟಿದೆಯೆಂದು ಪ್ರತಿಕಾಯದಿಂದಲೇ ಬಣ್ಣ ಹಾಕಿ ನೋಡುತ್ತಾರೆ. ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುತ್ತಾರೆ. ಮೂರು ಬಂದರೆ ಟ್ರಾಸ್ಟುಜುಮ್ಯಾಬ್ ಎಂಬ ಮದ್ದು ಫಲಿಸುವ ಭರವಸೆಯುಂಟು. ೧೯೯೮ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಆ ಮದ್ದೂ ಒಂದು ಪ್ರತಿಕಾಯವೇ. ಎರಡು ಬಂದರೆ ಸಂಶಯವೆಂದು ಜೀನಿನ ಪರೀಕ್ಷೆ ಮಾಡಿಸುತ್ತಾರೆ. ಬಣ್ಣ ಸುಳ್ಳು ಹೇಳಿದರೆ, ಬೇಕಾದವಳಿಗೆ ಮದ್ದು ತಪ್ಪೀತು, ಇಲ್ಲವೆ ಬೇಡದವಳ ಹೃದಯಕ್ಕೂ ಮನೆಯ ಬೊಕ್ಕಸಕ್ಕೂ ವೃಥಾ ಭಾರವಾದೀತು. ಆದ್ದರಿಂದಲೇ ಒಳ್ಳೆಯ ಪ್ರಯೋಗಶಾಲೆಯಲ್ಲಿ, ಉತ್ತರ ಮೊದಲೇ ಗೊತ್ತಿರುವ ಚೂರುಗಳನ್ನೂ ಜೊತೆಯಲ್ಲಿಟ್ಟು ಪರೀಕ್ಷೆ ನಡೆಸುತ್ತಾರೆ.

ನಮ್ಮ ಪವಾಯಿಯ ಹೆಮ್ಮೆಯೊಂದನ್ನೂ ಇಲ್ಲಿ ನೆನೆಯಬೇಕು. ೧೯೫೮ರಲ್ಲಿ ಆರಂಭವಾದ ಇಲ್ಲಿನ ಐ.ಐ.ಟಿ.ಯೂ ಟಾಟಾ ಸ್ಮಾರಕ ಕೇಂದ್ರವೂ ಕೂಡಿ, ರಕ್ತದ ಕೆಲವು ಕ್ಯಾನ್ಸರುಗಳಿಗೆ ನೆಕ್ಸ್‌ಕಾರ್-೧೯ ಎಂಬ ಚಿಕಿತ್ಸೆಯನ್ನು ರೂಪಿಸಿದವು. ೨೦೨೩ರ ಅಕ್ಟೋಬರಿನಲ್ಲಿ ಅದಕ್ಕೆ ಸರಕಾರದ ಒಪ್ಪಿಗೆ ದೊರೆಯಿತು. ೨೦೨೪ರ ಏಪ್ರಿಲ್ ೪ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಇಲ್ಲಿಯೇ ಅದನ್ನು ಲೋಕಾರ್ಪಣ ಮಾಡಿದರು. ರೋಗಿಯ ಬಿಳಿ ರಕ್ತಕಣಕ್ಕೆ ಹೊರಗಡೆ ಪ್ರತಿಕಾಯದ ಒಂದು ತುಂಡನ್ನೂ ಒಳಗಡೆ ಸಂದೇಶ ಸಾಗಿಸುವ ಪ್ರೋಟೀನಿನ ಭಾಗಗಳನ್ನೂ ಜೋಡಿಸುವುದೇ ಅದರ ಗುಟ್ಟು. ಹೊರಗಿನದು ಶತ್ರುವನ್ನು ಗುರುತಿಸಿದರೆ ಒಳಗಿನದು ಕಣಕ್ಕೆ ಯುದ್ಧದ ಅಪ್ಪಣೆ ಕೊಡುತ್ತದೆ. ಗುರುತು ತಪ್ಪಿದರೆ ಏನಾದೀತೆಂದು ಊಹಿಸಿಕೊಳ್ಳಿ.

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಬಂದ ಉತ್ತರ ಮನಸ್ಸಿಗೆ ಹಿಡಿಸಿದಾಗಲೇ ಸಾಕ್ಷಿಯನ್ನು ಮತ್ತೊಮ್ಮೆ ಕಟಕಟೆಗೆ ಕರೆಯಬೇಕು. ಈ ಸಭೆಯ ಮಕ್ಕಳಲ್ಲಿ ಯಾರಾದರೂ ಮುಂದೆ ಪ್ರಯೋಗಶಾಲೆ ಸೇರಿದರೆ ಇದೊಂದನ್ನು ನೆನಪಿಡಲಿ. ನಮ್ಮ ಏಳು ತಿಂಗಳು ಹೋದದ್ದಕ್ಕೆ ನಮಗೆ ಈಗ ವ್ಯಥೆಯಿಲ್ಲ. ಆ ಲೇಖನ ಅಚ್ಚಾಗಿ, ಅದನ್ನು ನಂಬಿ ಬೇರೆಯವರ ಏಳು ವರ್ಷ ಹೋಗಿದ್ದರೆ ಆ ಪಾಪ ತೊಳೆಯುವುದು ಕಷ್ಟವಾಗುತ್ತಿತ್ತು.