ಹೊಟ್ಟೆ ಹಗುರಾಗಿರಲಿ
(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಇವತ್ತಿನ ವಿಷಯ ಮಲಬದ್ಧತೆ ಎಂದ ಕೂಡಲೇ ಹಿಂದಿನ ಸಾಲಿನಲ್ಲಿ ನಗು ಕೇಳಿಸಿತು. ನಗಿ, ತಪ್ಪಿಲ್ಲ. ಆದರೆ ಈ ತೊಂದರೆಯನ್ನು ನಾವು ಗಂಡನಿಗೂ ಹೇಳುವುದಿಲ್ಲ, ಡಾಕ್ಟರಿಗೂ ಹೇಳುವುದಿಲ್ಲ. ಅಂಗಡಿಯಿಂದ ಒಂದು ಚೂರ್ಣದ ಡಬ್ಬಿ ತಂದು ಸುಮ್ಮನೆ ನುಂಗುತ್ತಿರುತ್ತೇವೆ. ನಮ್ಮ ಮನೆಯಲ್ಲೂ ಹಾಗೇ ಆಯಿತು.

ನಮ್ಮ ಅತ್ತೆಯವರು ವಿಜಯಪುರ ಜಿಲ್ಲೆಯ ಹಳ್ಳಿಯವರು. ಊರಲ್ಲಿ ನಸುಕಿಗೇ ಎದ್ದು ಹೊಲದ ಕಡೆ ನಡೆದವರು. ಇಲ್ಲಿ ಭೋಸರಿಯಲ್ಲಿ ಎರಡು ಕೋಣೆಯ ಮನೆ, ಒಂದೇ ಶೌಚಾಲಯ. ಯಜಮಾನರಿಗೆ ಎಂಐಡಿಸಿಯಲ್ಲಿ ಫಸ್ಟ್ ಶಿಫ್ಟ್, ಮಕ್ಕಳಿಗೆ ಶಾಲೆ. "ಅವ್ರು ಮೊದ್ಲ ಹೋಗ್ಲಿ, ನನಗೇನ ಅವಸರ?" ಎಂದು ಅತ್ತೆ ಕಾಯುತ್ತಿದ್ದರು. ಎಲ್ಲರೂ ಹೊರಟ ಮೇಲೆ ಅವರಿಗೆ ಹೋಗಬೇಕೆಂದೇ ಅನಿಸುತ್ತಿರಲಿಲ್ಲ. ರೊಟ್ಟಿ ಬಡಿಯಲು ನನಗೂ ಹೊತ್ತಿಲ್ಲ. ಅನ್ನ, ಚಹಾ, ಬಿಸ್ಕಿಟು.

ರಾತ್ರಿ ಒಂದು ಚಮಚ ಇದ್ದ ಚೂರ್ಣ ಎರಡಾಯಿತು, ಮೂರಾಯಿತು. ಒಂದು ದಿನ ಹೊಟ್ಟೆ ಹಿಂಡಿ, ಭೇದಿಯಾಗಿ, ತಲೆ ತಿರುಗಿ ಬಿದ್ದರು. ಡಬ್ಬಿ ನೋಡಿದ ಡಾಕ್ಟರು ಅದರಲ್ಲಿ ಸೋನಾಮುಖಿ ಇದೆ ಎಂದರು. ನಮ್ಮ ಕಡೆ ಇದನ್ನು ನೆಲಾವರಿಕೆ ಎಂದೂ ಕರೆಯುತ್ತಾರೆ. ಈ ಎಲೆ ಕರುಳನ್ನು ಕೆಣಕಿ ಓಡಿಸುತ್ತದೆ. ಅಪರೂಪಕ್ಕೆ ನಾಲ್ಕು ದಿನ ಸರಿ. ಹೆಚ್ಚು ಪ್ರಮಾಣದಲ್ಲಿ, ತಿಂಗಳುಗಟ್ಟಲೆ ತೆಗೆದುಕೊಂಡರೆ ದೇಹದ ನೀರು, ಪೊಟ್ಯಾಶಿಯಂ ಕಡಿಮೆಯಾಗಬಹುದು. ಗಿಡದ್ದು ಎಂದ ಮಾತ್ರಕ್ಕೆ ಅದು ಊಟವಲ್ಲ, ಅದು ಔಷಧ.

ಆಮೇಲೆ ಡಾಕ್ಟರು ಕೇಳಿದರು: "ಅಜ್ಜಿ, ಬೆಳಿಗ್ಗೆ ಎಷ್ಟು ಗಂಟೆಗೆ ಹೋಗುತ್ತೀರಿ?" ಅತ್ತೆ ನನ್ನ ಮುಖ ನೋಡಿದರು. ಅಷ್ಟು ದಿನ ನಾನು ಆ ಪ್ರಶ್ನೆ ಕೇಳಿಯೇ ಇರಲಿಲ್ಲ.

ವಾಗ್ಭಟನ ಅಷ್ಟಾಂಗಹೃದಯದಲ್ಲಿ ಮಲ, ಮೂತ್ರ, ಸೀನು, ಹಸಿವೆ ಮುಂತಾದ ವೇಗಗಳನ್ನು ತಡೆಯಬಾರದೆಂದು ವಿವರಿಸಲು ಒಂದು ಅಧ್ಯಾಯವೇ ಇದೆ. ಇಂದಿನ ವೈದ್ಯರೂ ಅದನ್ನೇ ಹೇಳುತ್ತಾರೆ. ಬೆಳಿಗ್ಗೆ ಬಿಸಿ ನೀರು ಕುಡಿದು ಏನಾದರೂ ತಿಂದಾಗ ದೊಡ್ಡ ಕರುಳು ತಾನಾಗಿ ಚಲಿಸುತ್ತದೆ. ಆ ಹೊತ್ತು ತಪ್ಪಿಸಿದರೆ ಮಲ ಒಳಗೇ ಒಣಗಿ ಗಟ್ಟಿಯಾಗುತ್ತದೆ. ಕೆಲಸದ ಜಾಗದಲ್ಲಿ ಶೌಚಾಲಯ ಸರಿಯಿಲ್ಲವೆಂದು ನೀರೇ ಕುಡಿಯದವರು ನಮ್ಮಲ್ಲಿ ಎಷ್ಟು ಜನ ಇಲ್ಲ!

ಇನ್ನು ಅಡುಗೆಮನೆಗೆ ಬರೋಣ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದೆ. ಪಾಲಿಷ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ದಿನಕ್ಕೆ ನಮಗೆ ಬೇಕಾದದ್ದು 25ರಿಂದ 30 ಗ್ರಾಂ. ಎರಡು ಜೋಳದ ರೊಟ್ಟಿ, ಮೆಂತ್ಯ ಅಥವಾ ರಾಜಗಿರಿ ಪಲ್ಯ, ಮೊಳಕೆ ಕಾಳು, ಮೇಲೆ ಒಂದು ಚಮಚ ಅಗಸಿ ಹಿಂಡಿ: ಇದು ನಮ್ಮ ಊರಿನ ಊಟವೂ ಹೌದು, ಮದ್ದೂ ಹೌದು. ಅಗಸೆಯಲ್ಲಿ ಕಾಲುಭಾಗಕ್ಕಿಂತ ಹೆಚ್ಚು ನಾರೇ ಇದೆ. ರಾತ್ರಿ ನೆನೆಸಿದ ಹತ್ತು ಹದಿನೈದು ಒಣದ್ರಾಕ್ಷಿ, ಎರಡು ಅಂಜೂರ ಬೆಳಿಗ್ಗೆ ತಿನ್ನಿ. ಒಳ್ಳೆಯ ಅಂಜೂರ ಬೆಳೆಯುವ ಪುರಂದರ ತಾಲ್ಲೂಕು ನಮ್ಮ ಪುಣೆ ಜಿಲ್ಲೆಯಲ್ಲೇ ಇದೆ. ಸಕ್ಕರೆ ಕಾಯಿಲೆ ಇರುವವರು ಮಾತ್ರ ಲೆಕ್ಕ ಇಟ್ಟು ತಿನ್ನಬೇಕು. ನಾರನ್ನು ಒಮ್ಮೆಲೇ ಹೆಚ್ಚಿಸಬೇಡಿ, ಹೊಟ್ಟೆ ಉಬ್ಬುತ್ತದೆ. ಜೊತೆಗೆ ನೀರನ್ನೂ ಹೆಚ್ಚಿಸಿ.

ಇಷ್ಟಕ್ಕೂ ಆಗದಿದ್ದರೆ ಇಸಬ್‌ಗೋಲ್. ಒಂದೆರಡು ಚಹಾಚಮಚ, ತುಂಬಿದ ಒಂದು ಲೋಟ ನೀರಿನಲ್ಲಿ ಕಲಸಿ, ಕೂಡಲೇ ಕುಡಿಯಬೇಕು, ಮೇಲೆ ಇನ್ನೊಂದು ಲೋಟ ನೀರು. ಒಣಗಿದ್ದನ್ನು ಬಾಯಿಗೆ ಹಾಕಿಕೊಂಡರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳುವ ಅಪಾಯವಿದೆ. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ಅಳಲೆ, ತಾರೆ, ನೆಲ್ಲಿ ಸೇರಿದ ತ್ರಿಫಲವನ್ನು ಇಲ್ಲಿ ಹಿರಡಾ, ಬೆಹಡಾ, ಆವಳಾ ಎಂದು ಕೇಳಿದರೆ ಕೊಡುತ್ತಾರೆ. ಪ್ರಮಾಣವನ್ನು ವೈದ್ಯರಲ್ಲಿ ಕೇಳಿಕೊಳ್ಳಿ. ಚಿಕ್ಕಂದಿನಲ್ಲಿ ಮೂಗು ಹಿಡಿದು ಕುಡಿಸುತ್ತಿದ್ದ ಹರಳೆಣ್ಣೆ ನೆನಪಿದೆಯೇ? ಬಸುರಿಯರಿಗೆ ಅದನ್ನು ಕೊಡಲೇಬೇಡಿ, ಗರ್ಭಕೋಶ ಹಿಂಡುವಂತೆ ಮಾಡುತ್ತದೆ. ಕಬ್ಬಿಣದ ಮಾತ್ರೆಯಿಂದ ಮಲಬದ್ಧತೆಯಾದರೆ ಮಾತ್ರೆ ಬಿಡಬೇಡಿ, ಡಾಕ್ಟರಿಗೆ ಹೇಳಿ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, 50 ದಾಟಿದ ಮೇಲೆ ಹೊಸದಾಗಿ ಶುರುವಾದ ಮಲಬದ್ಧತೆ, ಇವಕ್ಕೆ ಮನೆಮದ್ದು ಬೇಡ. ಹೊಟ್ಟೆ ಉಬ್ಬಿ, ವಾಂತಿಯಾಗಿ, ವಾಯುವೂ ಹೋಗದಿದ್ದರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. "ಮೂಲವ್ಯಾಧಿ ಇರಬೇಕು" ಎಂದು ಮುಚ್ಚಿಡಬೇಡಿ.

ಈಗ ನಮ್ಮ ಮನೆಯಲ್ಲಿ ಬೆಳಿಗ್ಗೆ ಆರರಿಂದ ಆರೂವರೆ ಅತ್ತೆಯವರ ಹೊತ್ತು. ಯಜಮಾನರು ಅದಕ್ಕಿಂತ ಮೊದಲೇ ಮುಗಿಸುತ್ತಾರೆ, ಮಕ್ಕಳು ಆಮೇಲೆ. ಕಮೋಡಿನ ಮುಂದೆ ಕಾಲಿಡಲು ಒಂದು ಗಿಡ್ಡ ಮಣೆ ಇಟ್ಟಿದ್ದೇವೆ. ಮೊಣಕಾಲು ಮೇಲಿದ್ದರೆ ತಿಣುಕಬೇಕಾಗಿಲ್ಲ. ವಾರಕ್ಕೆ ನಾಲ್ಕು ದಿನ ರೊಟ್ಟಿ, ಅದರಲ್ಲಿ ಎರಡು ದಿನ ಅತ್ತೆಯೇ ಬಡಿಯುತ್ತಾರೆ. ಡಾಕ್ಟರು ಹೇಳಿದಂತೆ ಚೂರ್ಣ ಕಡಿಮೆ ಮಾಡುತ್ತಾ ಬಂದು ಒಂದೂವರೆ ತಿಂಗಳಿಗೆ ನಿಲ್ಲಿಸಿದೆವು. ಆ ಡಬ್ಬಿಯಲ್ಲಿ ಈಗ ಅಗಸಿ ಹಿಂಡಿ ಇದೆ.

ಗೆಳತಿಯರೇ, ಇವತ್ತು ಮನೆಗೆ ಹೋಗಿ ನಿಮ್ಮ ಅತ್ತೆಯನ್ನೋ ತಾಯಿಯನ್ನೋ ಒಮ್ಮೆ ಕೇಳಿ: "ಹೊಟ್ಟೆ ಸರಿಯಾಗಿ ಹಗುರಾಗುತ್ತಾ?" ನಿಮ್ಮನ್ನೂ ಕೇಳಿಕೊಳ್ಳಿ.